ನಮ್ಮ ಬೀದಿಯ ಕಸ, ನಮ್ಮ ಬಾಲ್ಕನಿಯ ಹುಳ

ನೋಡಿ, ಟಿವಿಯಲ್ಲಿ ಕೂತು ಕಸದ ಬಗ್ಗೆ ಮಾತಾಡೋದು ಬಹಳ ಸುಲಭ. ಹಿಂದಿನ ಪರದೆ ಮೇಲೆ ಕಸದ ಗುಡ್ಡ ಓಡ್ತಿರುತ್ತೆ, ಮುಂದೆ ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು ನಾನು ಪಾಲಿಕೆಗೆ ಬೈತಿರ್ತೀನಿ. ವಾಸನೆ ಮಾತ್ರ ಸ್ಟುಡಿಯೋಗೆ ಬರಲ್ಲ. ಅದು ನಮ್ಮ ಪುಣ್ಯ.

2014ರಲ್ಲಿ ನಾನಿನ್ನೂ ಫೀಲ್ಡ್ ರಿಪೋರ್ಟರ್. ಮಂಡೂರಿನ ಜನ ಬೆಂಗಳೂರಿನ ಕಸದ ಲಾರಿಗಳ ವಿರುದ್ಧ ಬೀದಿಗಿಳಿದಿದ್ದರು. ಕ್ಯಾಮೆರಾ ಜತೆ ನಾನೂ ಹೋಗಿದ್ದೆ. ಒಬ್ಬ ಅಜ್ಜಿಯ ಮುಂದೆ ಮೈಕ್ ಹಿಡಿದೆ. ಅವರು ಬೈಟ್ ಕೊಡಲಿಲ್ಲ. ನಿಂದು ಯಾವ ಏರಿಯಾ ಅಂತ ನನ್ನನ್ನೇ ಕೇಳಿದರು. ಹೇಳಿದೆ. ಅಜ್ಜಿ ಕಸದ ಗುಡ್ಡದ ಕಡೆ ಕೈ ತೋರಿಸಿ, ಹಾಗಾದ್ರೆ ನಿಮ್ಮನೇದೂ ಅಲ್ಲೇ ಐತೆ ಅಂದರು. ಆ ದೃಶ್ಯ ಅವತ್ತಿನ ಬುಲೆಟಿನ್‌ನಲ್ಲಿ ಪ್ರಸಾರ ಆಗಲಿಲ್ಲ. ಎಡಿಟ್ ಮಾಡಿಸಿದ್ದು ನಾನೇ.

ಅದಕ್ಕೂ ಮೊದಲು, 2012ರಲ್ಲಿ, ಮಾವಳ್ಳಿಪುರ ಬಾಗಿಲು ಹಾಕಿತ್ತು. ಆಮೇಲೆ ಮಂಡೂರು. ಅದೂ ಮುಚ್ಚಿದ ಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳು. ಊರಿನ ಹೆಸರು ಬದಲಾಗ್ತಾ ಹೋಯ್ತು, ಲಾರಿಯೊಳಗಿನ ಸರಕು ಬದಲಾಗಲಿಲ್ಲ. ಆ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಏನು ಗೊತ್ತಾ? ಹಸಿ ಕಸ. ನಾವು ಹೆಚ್ಚಿ ಬಿಸಾಕಿದ ಸೊಪ್ಪಿನ ಕಡ್ಡಿ, ಬಾಳೆಹಣ್ಣಿನ ಸಿಪ್ಪೆ, ಟೀ ಚರಟ. ಇದು ಪ್ಲಾಸ್ಟಿಕ್ ಜತೆ ಸೇರಿ, ಗಾಳಿಯಾಡದೆ ಕೊಳೆತು, ಕಪ್ಪು ನೀರಾಗಿ ಇಳಿದು ಯಾರದೋ ಬಾವಿ ಸೇರುತ್ತೆ. ಅದೇ ಹಸಿ ಕಸವನ್ನು ಬೇರೆ ಇಟ್ಟರೆ ಎರೆಹುಳಕ್ಕೆ ಮೃಷ್ಟಾನ್ನ.

ಇಷ್ಟು ತಿಳ್ಕೊಂಡ ಮೇಲೆ ನಾನು ಏನು ಮಾಡಿದೆ? ಎಲ್ಲ ನಗರವಾಸಿಗಳು ಮಾಡೋದನ್ನೇ ಮಾಡಿದೆ. ದುಡ್ಡು ಕೊಟ್ಟು ಒಂದು ಡ್ರಮ್ಮು, ಒಂದು ಕೆಜಿ ಹುಳ ತಂದೆ. ತಂದ ದಿನದಿಂದಲೇ ಮನೆಯ ಕಸವನ್ನೆಲ್ಲ ಸುರಿಯೋಕೆ ಶುರು. ನಾವು ನಾಲ್ಕು ಜನ, ದಿನಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಹಸಿ ಕಸ ಬರುತ್ತೆ. ಹಬ್ಬದ ದಿನ ಉಳಿದ ಚಿತ್ರಾನ್ನ, ಹುಳಿ, ಹಿಂಡಿದ ನಿಂಬೆಹಣ್ಣು, ಅದೂ ಹೋಯ್ತು. ಮೇಲೆ ಒಂದು ಬುಟ್ಟಿ ಹಸಿ ಸಗಣಿ, ಪೌಷ್ಟಿಕಾಂಶ ಇರಲಿ ಅಂತ! ಹತ್ತನೇ ದಿನ ರಾತ್ರಿ ಡ್ಯೂಟಿ ಮುಗಿಸಿ ಬಂದು ನೋಡ್ತೀನಿ, ಬಾಲ್ಕನಿ ಗೋಡೆ ತುಂಬಾ ಹುಳ. ಡ್ರಮ್ಮಿನಿಂದ ಹೊರಬಿದ್ದು ಓಡಿಹೋಗ್ತಿದ್ದವು. ಉಳಿದವು ಒಳಗೇ ಕರಗಿ ಹೋಗಿದ್ದವು. ಮುಚ್ಚಳ ತೆಗೆದೆ, ಮಂಡೂರು ನೆನಪಾಯ್ತು. ಅದೇ ವಾಸನೆ.

ಇದಕ್ಕೆ ಉತ್ತರ ಸಿಕ್ಕಿದ್ದು ಆ ವರ್ಷದ ಜಿಕೆವಿಕೆ ಕೃಷಿ ಮೇಳದಲ್ಲಿ. ಮಳಿಗೆಯಲ್ಲಿದ್ದವರು ನನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. ಹುಳ ಕಸ ತಿನ್ನಲ್ಲ ಸಾರ್, ಕೊಳೆತದ್ದನ್ನ ತಿನ್ನುತ್ತೆ.

ಇದರಲ್ಲೇ ಇದೆ ಎಲ್ಲ. ಎರೆಹುಳಕ್ಕೆ ಹಲ್ಲಿಲ್ಲ. ಗಟ್ಟಿ ಕ್ಯಾರೆಟ್ ತುಂಡನ್ನು ಅದು ಕಚ್ಚಿ ತಿನ್ನೋಕೆ ಆಗಲ್ಲ. ಮೊದಲು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಆ ತುಂಡಿನ ಮೇಲೆ ಕೂತು ಮೆತ್ತಗೆ ಮಾಡಬೇಕು. ಆಮೇಲೆ ಹುಳ ಬಂದು ಆ ಮೆತ್ತನೆಯದನ್ನೂ ಅದರ ಮೇಲಿನ ಸೂಕ್ಷ್ಮಜೀವಿಗಳನ್ನೂ ಸೇರಿಸಿ ನುಂಗುತ್ತೆ. ಹೊಟ್ಟೆಯೊಳಗೆ ಅರೆಯೋಕೆ ಕೋಳಿಗೆ ಇರುವ ಹಾಗೆ ಒಂದು ಚೀಲ ಇದೆ, ಅದರಲ್ಲಿ ಮರಳಿನ ಕಣ ಬೇಕು. ಅದಕ್ಕೇ ಡ್ರಮ್ಮಿಗೆ ಒಂದೆರಡು ಹಿಡಿ ತೋಟದ ಮಣ್ಣು ಹಾಕಬೇಕು ಅನ್ನೋದು. ಇನ್ನು ಉಸಿರಾಟ? ಶ್ವಾಸಕೋಶ ಇಲ್ಲ, ಚರ್ಮದಿಂದಲೇ. ಚರ್ಮ ಒದ್ದೆಯಾಗಿದ್ದರೆ ಮಾತ್ರ ಉಸಿರು. ಈಗ ನನ್ನ ಹುಳಿಯ ಉಪ್ಪು, ನಿಂಬೆಯ ಹುಳಿ, ಹಸಿ ಸಗಣಿಯ ಅಮೋನಿಯಾ ಆ ಬರಿಮೈಗೆ ತಾಗಿದರೆ ಏನಾಗಿರಬೇಕು ಯೋಚನೆ ಮಾಡಿ. ಮೇಲಿಂದ ಬಿಸಿ ಬೇರೆ. ಹಸಿ ಸಗಣಿ, ಹಸಿ ಕಸ ಒಟ್ಟಿಗೆ ರಾಶಿ ಬಿದ್ದರೆ ಒಳಗೆ ಕುದಿಯೋಕೆ ಶುರುವಾಗುತ್ತೆ. 35 ಡಿಗ್ರಿ ದಾಟಿದರೆ ಇವುಗಳಿಗೆ ಉಳಿಗಾಲ ಇಲ್ಲ.

ಲೆಕ್ಕವೂ ತಪ್ಪಿತ್ತು. ಒಂದು ಕೆಜಿ ಹುಳ ದಿನಕ್ಕೆ ಸುಮಾರು ಅರ್ಧ ಕೆಜಿ ತಿನ್ನಬಹುದು, ಅದೂ ಚೆನ್ನಾಗಿ ಒಗ್ಗಿಕೊಂಡ ಮೇಲೆ. ಹೊಸ ಜಾಗಕ್ಕೆ ಬಂದ ಮೊದಲ ವಾರ ಅವಕ್ಕೆ ಊಟವೇ ಬೇಡ. ನಾನು ಮೊದಲ ದಿನದಿಂದಲೇ ದುಪ್ಪಟ್ಟು ಬಡಿಸಿದ್ದೆ.

ಎರಡನೇ ಬಾರಿ ಶುರು ಮಾಡುವಾಗ ಇನ್ನೊಂದು ಪಾಠ ಆಯ್ತು, ಇದೇ ಮುಖ್ಯ. ಬರೀ ಅಡುಗೆಮನೆ ಕಸದಿಂದ ಹುಳ ಬದುಕಲ್ಲ. ತರಕಾರಿ ಸಿಪ್ಪೆಯಲ್ಲಿ ನೀರು ಹೆಚ್ಚು, ಸಾರಜನಕ ಹೆಚ್ಚು. ಅದಕ್ಕೆ ಜೋಡಿಯಾಗಿ ಇಂಗಾಲ ಜಾಸ್ತಿ ಇರುವ ಒಣ ವಸ್ತು ಬೇಕು. ಒಣ ಎಲೆ, ಒಣ ಹುಲ್ಲು, ಹರಿದ ರಟ್ಟು, ತೆಂಗಿನ ನಾರಿನ ಪುಡಿ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಅಂತ ಪುಸ್ತಕದ ಲೆಕ್ಕ. ತಕ್ಕಡಿ ಹಿಡಿಯೋದು ಬೇಡ, ಒಂದು ಬುಟ್ಟಿ ಹಸಿ ಹಾಕಿದರೆ ಒಂದೂವರೆ ಎರಡು ಬುಟ್ಟಿ ಒಣ ಎಲೆ ಹಾಕಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಸುರಿಯಬಾರದು.

ಈ ಒಣ ಸರಕು ಎಲ್ಲಿಂದ ತರೋದು? ಆನ್‌ಲೈನ್‌ನಲ್ಲಿ ಪ್ಯಾಕೆಟ್ ಮಾಡಿ ಮಾರ್ತಾರೆ. ಕಸ ಕರಗಿಸೋಕೆ ಕಸವನ್ನೇ ಕೊರಿಯರ್‌ನಲ್ಲಿ ತರಿಸೋದು ಯಾವ ನ್ಯಾಯ ಸ್ವಾಮಿ? ನಾನು ಚೀಲ ಹಿಡಿದು ನಮ್ಮ ಬೀದಿಯಲ್ಲೇ ನಡೆದೆ. ಮೂಲೆಯಲ್ಲಿ ಹೊಂಗೆ ಮರ. ಎಲೆ ಗುಡಿಸಿ ರಾಶಿ ಹಾಕಿ ಯಾರೋ ಬೆಂಕಿ ಇಡೋಕೆ ತಯಾರಾಗಿದ್ದರು, ಎರಡು ಚೀಲ ತುಂಬಿಸಿಕೊಂಡೆ. ಮುಂದೆ ಕಬ್ಬಿನ ಹಾಲಿನ ಗಾಡಿ. ಸಿಪ್ಪೆಯನ್ನು ಎಲ್ಲಿ ಬಿಸಾಕೋದು ಅಂತ ಅವರಿಗೇ ತಲೆನೋವು. ಟೀ ಅಂಗಡಿಯಲ್ಲಿ ದಿನಾ ಒಂದು ಡಬ್ಬ ಚರಟ, ಸಕ್ಕರೆ ಹೋಗುವ ಹಾಗೆ ಒಂದು ಸಲ ನೀರು ಹಾಕಿ ತೊಳೆದರೆ ಸಾಕು, ಇರುವೆ ಬರಲ್ಲ. ದೇವಸ್ಥಾನದ ಹೂವು ಕೂಡ ಸಿಕ್ಕಿತು. ಆದರೆ ಅದರಲ್ಲಿ ದಾರ, ಜರಿ ಕಾಗದ, ಕರ್ಪೂರದ ಪ್ಲಾಸ್ಟಿಕ್ ಎಲ್ಲ ಇರುತ್ತೆ, ಬಿಡಿಸೋದೇ ಒಂದು ಪೂಜೆ. ಹೂವಿಗೆ ಹೊಡೆದ ಔಷಧಿಯೂ ಉಳಿದಿರಬಹುದು, ಹಾಗಾಗಿ ನೇರವಾಗಿ ಹುಳಕ್ಕೆ ಹಾಕಲ್ಲ, ಬೇರೆ ಬುಟ್ಟಿಯಲ್ಲಿ ಎರಡು ಮೂರು ವಾರ ಕೊಳೆಸ್ತೀನಿ.

ಸಗಣಿ ಬೇಕಿತ್ತು. ಪಕ್ಕದ ರಸ್ತೆಯಲ್ಲಿ ಎರಡು ಹಸು ಕಟ್ಟಿ ಹಾಲು ಮಾರುವವರು ಇದ್ದಾರೆ, ಬೆಂಗಳೂರಿನಲ್ಲಿ ಇಂಥವರು ಇನ್ನೂ ಇದ್ದಾರೆ. ಹದಿನೈದು ದಿನ ನೆರಳಲ್ಲಿ ಹಳತಾದ ಸಗಣಿ ಕೇಳಿ ತಂದೆ. ಹಸುವಿಗೆ ಈಚೆಗೆ ಜಂತುಹುಳದ ಔಷಧಿ ಕೊಟ್ಟಿದ್ದಾರಾ ಅಂತಲೂ ಕೇಳಬೇಕು. ಹಸುವಿನ ಹೊಟ್ಟೆಯ ಹುಳ ಕೊಲ್ಲುವ ಔಷಧಿ ಸಗಣಿಯಲ್ಲಿ ಹೊರಬಂದು ಇಲ್ಲಿಯ ಹುಳಕ್ಕೂ ತೊಂದರೆ ಕೊಡಬಹುದು.

ನಾನು ಹೇಳ್ತಿರೋದು ಬೆಂಗಳೂರಿನ ಒಂದು ಬೀದಿಯ ಪಟ್ಟಿ. ನಿಮ್ಮೂರಿನ ಪಟ್ಟಿ ಬೇರೆ. ಮಂಡ್ಯದಲ್ಲಿ ಕಬ್ಬಿನ ತರಗು, ಇವತ್ತಿಗೂ ಗದ್ದೆಯಲ್ಲೇ ಬೆಂಕಿ ಇಡ್ತಾರೆ. ರಾಮನಗರದಲ್ಲಿ ರೇಷ್ಮೆಹುಳು ತಿಂದು ಬಿಟ್ಟ ಸೊಪ್ಪು, ಅದರ ಹಿಕ್ಕೆ. ಶಿರಸಿ, ಸಾಗರದ ಕಡೆ ಅಡಿಕೆ ಸಿಪ್ಪೆ. ಅದು ಗಟ್ಟಿ, ಬೇಗ ಕರಗಲ್ಲ, ಸಗಣಿ ನೀರಲ್ಲಿ ನೆನೆಸಿ ತಾಳ್ಮೆಯಿಂದ ಕಾಯಬೇಕು. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ. ಯಾವುದನ್ನೂ ದೂರದಿಂದ ತರಬೇಕಿಲ್ಲ.

ಇದೇನು ಹೊಸ ಸಂಶೋಧನೆಯಲ್ಲ. ಚಾರ್ಲ್ಸ್ ಡಾರ್ವಿನ್ 1881ರಲ್ಲೇ ಎರೆಹುಳದ ಮೇಲೆ ಒಂದು ಇಡೀ ಪುಸ್ತಕ ಬರೆದ. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಮತ್ತು ಸಂಗಡಿಗರು 1982ರಲ್ಲೇ ಪೆರಿಯೋನಿಕ್ಸ್ ಅನ್ನುವ ಹುಳ ಸಾವಯವ ಕಸವನ್ನು ಹೇಗೆ ಬಳಸಿಕೊಳ್ಳುತ್ತೆ ಅಂತ ಪ್ರಬಂಧ ಪ್ರಕಟಿಸಿದ್ದರು. ಪೆರಿಯೋನಿಕ್ಸ್ ನಮ್ಮ ಕಡೆಯದೇ ಹುಳ. ನಮ್ಮಲ್ಲಿ ಹೆಚ್ಚಾಗಿ ಸಿಗೋದು ಯೂಡ್ರಿಲಸ್, ಮೂಲ ಆಫ್ರಿಕಾ, ಮತ್ತೊಂದು ಐಸೀನಿಯಾ. ತೋಟ ಅಗೆದಾಗ ಸಿಗುವ ದಪ್ಪ ಹುಳವನ್ನು ತಂದು ಡ್ರಮ್ಮಿಗೆ ಹಾಕಬೇಡಿ. ಅದು ಮಣ್ಣಿನಾಳದ ಜೀವಿ. ನಮಗೆ ಬೇಕಾದದ್ದು ತರಗೆಲೆಯ ಕೆಳಗೆ, ಮೇಲ್ಪದರದಲ್ಲೇ ಬದುಕುವ ಜಾತಿ.

ಇನ್ನು ಹುಳ ಸಾಕಿ ಲಕ್ಷಾಧಿಪತಿಯಾಗಿ ಅನ್ನುವ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ನನ್ನ ಡ್ರಮ್ಮಿನಿಂದ ಎರಡು ತಿಂಗಳಿಗೊಮ್ಮೆ ಒಂದಿಷ್ಟು ಗೊಬ್ಬರ ಬರುತ್ತೆ, ಟೀ ಪುಡಿ ತರಹ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ. ಬಾಲ್ಕನಿಯ ಕರಿಬೇವು, ದಾಸವಾಳಕ್ಕೆ ಸಾಕು. ಲಕ್ಷ ಬಂದಿಲ್ಲ. ಮತ್ತೆ, ಎಲ್ಲ ಕಸವನ್ನೂ ಹುಳ ತಿನ್ನುತ್ತೆ ಅಂತಲೂ ನಾನು ಹೇಳಲ್ಲ. ಮೂಳೆ, ಎಣ್ಣೆ ತಿಂಡಿ, ಉಪ್ಪು ಖಾರದ ಅಡುಗೆ ಈಗಲೂ ಪಾಲಿಕೆಯ ಗಾಡಿಯ ಹಸಿ ಕಸದ ಡಬ್ಬಕ್ಕೇ ಹೋಗುತ್ತೆ. ಆದರೆ ಅದು ಈಗ ವಾರಕ್ಕೆ ಒಂದು ಸಣ್ಣ ಡಬ್ಬ.

ಏಪ್ರಿಲ್ ಬಂತಂದ್ರೆ ಕಷ್ಟ. ಡ್ರಮ್ಮನ್ನು ಬಿಸಿಲು ಬೀಳದ ಮೂಲೆಗೆ ಸರಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಬೆಳಗ್ಗೆ ಸಂಜೆ ನೀರು ಚಿಮುಕಿಸ್ತೀವಿ. ಡ್ರಮ್ಮಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿ ಇಟ್ಟಿದ್ದೇವೆ, ಇರುವೆಗೆ. ನನಗೆ ರಾತ್ರಿ ಬುಲೆಟಿನ್ ಇದ್ದ ದಿನ ಹೆಂಡತಿ ಫೋನ್ ಮಾಡಿ ಮೊದಲು ಹುಳದ ಸಮಾಚಾರ ಹೇಳ್ತಾಳೆ, ಆಮೇಲೆ ಮಕ್ಕಳದ್ದು.

ಮೊನ್ನೆ ಕಬ್ಬಿನ ಹಾಲಿನ ಗಾಡಿಯವರು ಕೇಳಿದರು, ದಿನಾ ಸಿಪ್ಪೆ ಒಯ್ತೀರಲ್ಲ, ನಮಗೂ ಒಂದಿಷ್ಟು ಹುಳ ಕೊಡಿ, ಮನೆ ಹಿಂದೆ ಜಾಗ ಇದೆ ಅಂತ. ಹಳೇ ಬಕೆಟ್ಟಿನಲ್ಲಿ ಎರಡು ಹಿಡಿ ಹುಳ, ಅವು ಇದ್ದ ಗೊಬ್ಬರ ಸಮೇತ ಕೊಟ್ಟೆ. ಮೊದಲ ವಾರ ಏನೂ ಹಾಕಬೇಡಿ ಅಂತ ಎರಡು ಸಲ ಹೇಳಿ ಕಳಿಸಿದೆ.