ವಿಶ್ವವಿದ್ಯಾನಿಲಯದ ಬೊಕ್ಕಸ: ಆಯವ್ಯಯ, ಬೇಡಿಕೆ ಮತ್ತು ದತ್ತಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕೃಷಿಕನು ತನ್ನ ಮಗಳ ಪರೀಕ್ಷಾ ಶುಲ್ಕವನ್ನು ಕಟ್ಟಿದಾಗ ಕೈಗೆ ಬರುವುದು ಒಂದು ರಸೀದಿ ಮಾತ್ರ. ಆ ಹಣವು ಎಲ್ಲಿ ಸೇರುತ್ತದೆ, ಯಾರ ಅನುಮತಿಯಿಂದ ವ್ಯಯವಾಗುತ್ತದೆ ಎಂಬುದನ್ನು ಅರಿತವರು ವಿರಳ. ವಿದ್ಯಾಸಂಸ್ಥೆಗಳಿಗೆ ದತ್ತಿಯನ್ನೀಯುವ ಭಕ್ತರೂ ಇದನ್ನು ತಿಳಿದಿರುವುದು ಅವಶ್ಯ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು 1970ರಲ್ಲಿ ಗುಲಬರ್ಗೆಯಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರವೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವಾಯಿತು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿತು. ಮೊದಲನೆಯದರಲ್ಲಿ 2000ದ ರಾಜ್ಯ ಅಧಿನಿಯಮದನ್ವಯ ಸಿಂಡಿಕೇಟ್ ಸಭೆಯೂ, ಎರಡನೆಯದರಲ್ಲಿ 2009ರ ಕೇಂದ್ರ ಅಧಿನಿಯಮದನ್ವಯ ಕಾರ್ಯಕಾರಿ ಪರಿಷತ್ತೂ ಆಡಳಿತದ ಸೂತ್ರವನ್ನು ಹಿಡಿದಿವೆ. ಎರಡಕ್ಕೂ ಕುಲಪತಿಗಳೇ ಅಧ್ಯಕ್ಷರು. ಎರಡಕ್ಕೂ ಹಣಕಾಸು ಸಮಿತಿಯ ನೆರವುಂಟು.

ಆಯವ್ಯಯದ ಕ್ರಮವು ಹೀಗಿದೆ. ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಹಣಕಾಸು ಅಧಿಕಾರಿಯು ಸಿದ್ಧಪಡಿಸಿದ ಅಂದಾಜನ್ನು ಹಣಕಾಸು ಸಮಿತಿಯು ಪರಿಶೀಲಿಸಿ ತನ್ನ ಅಭಿಪ್ರಾಯದೊಡನೆ ಪರಿಷತ್ತಿಗೆ ಒಪ್ಪಿಸುತ್ತದೆ. ಆವರ್ತಕ ಮತ್ತು ಅನಾವರ್ತಕ ವೆಚ್ಚಗಳ ಮಿತಿಯನ್ನು ಆದಾಯಕ್ಕನುಗುಣವಾಗಿ ಸೂಚಿಸುವುದೂ ಆ ಸಮಿತಿಯ ಕಾರ್ಯವೇ. ಹೊಸ ಹುದ್ದೆಗಳ ಪ್ರಸ್ತಾಪವು ಮೊದಲು ಈ ಸಮಿತಿಯ ಮುಂದೆ ಬರತಕ್ಕದ್ದು. ಏಕೆಂದರೆ ಕಟ್ಟಡದ ವೆಚ್ಚ ಒಮ್ಮೆ ಮುಗಿಯುವಂಥದು. ಹುದ್ದೆಯ ವೆಚ್ಚವಾದರೋ ಮೂರು ದಶಕಗಳ ಹೊರೆ.

ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಸರ್ಕಾರದ ಅನುದಾನದೊಡನೆ ಸಂಯೋಜಿತ ಕಾಲೇಜುಗಳ ಶುಲ್ಕವೂ ಆಧಾರ. 2010ರಲ್ಲಿ ಬಳ್ಳಾರಿಯ ವಿಶ್ವವಿದ್ಯಾನಿಲಯವೂ ತರುವಾಯ ರಾಯಚೂರಿನದೂ ಪ್ರತ್ಯೇಕವಾದುದರಿಂದ ಗುಲಬರ್ಗೆಯ ವ್ಯಾಪ್ತಿ ಕಿರಿದಾಯಿತು. ಕಾಲೇಜುಗಳು ಹೋದಂತೆ ಅವುಗಳ ಶುಲ್ಕವೂ ಹೋಗುತ್ತದೆ. ಹಿಂದೆ ಕಟ್ಟಿದ ಕಟ್ಟಡಗಳ ಸಂರಕ್ಷಣೆಯ ವೆಚ್ಚ ಮಾತ್ರ ಹಾಗೆಯೇ ಉಳಿಯುತ್ತದೆ. ಉಳಿದ ತಾಲ್ಲೂಕುಗಳ ಮಕ್ಕಳ ಮೇಲೆ ಈ ಅಂತರವನ್ನು ಹೇರದಿರುವುದೇ ಆಯವ್ಯಯ ಸಭೆಯ ನಿಜವಾದ ಪರೀಕ್ಷೆ.

ಎರಡನೆಯದು ಬೇಡಿಕೆಗಳ ಇತ್ಯರ್ಥ. ಗುತ್ತಿಗೆದಾರನ ಬಿಲ್ಲು, ಮೌಲ್ಯಮಾಪಕರ ಸಂಭಾವನೆ, ನಿವೃತ್ತರ ಬಾಕಿ ಇವೆಲ್ಲ ಸಭೆಯ ಮುಂದೆ ಬರಬಹುದು. ಪೂರ್ವಮಂಜೂರಾತಿ ಇತ್ತೇ, ಕೆಲಸ ನಡೆದಿದೆಯೇ, ಆ ಲೆಕ್ಕಶೀರ್ಷಿಕೆಯಲ್ಲಿ ಹಣವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಕಡತವು ಉತ್ತರಿಸಬೇಕು. ಪರಿಶೀಲಿಸದೆ ಕೊಡುವುದು ದೋಷ. ನ್ಯಾಯವಾದುದನ್ನು ತಡೆಹಿಡಿಯುವುದೂ ಅಷ್ಟೇ ದೋಷ. ಕೇಂದ್ರೀಯ ವಿಶ್ವವಿದ್ಯಾನಿಲಯದ ಲೆಕ್ಕಗಳನ್ನು ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕರು ಪರಿಶೋಧಿಸುತ್ತಾರೆ. ಅವು ಸಂಸತ್ತಿನ ಮುಂದೆಯೂ ಮಂಡಿತವಾಗುತ್ತವೆ.

ಮೂರನೆಯದು ದತ್ತಿ. ಜೇವರ್ಗಿಯ ಷಣ್ಮುಖಸ್ವಾಮಿಗಳು ‘ಅಖಂಡೇಶ್ವರ’ ಎಂಬ ಅಂಕಿತದ ವಚನಕಾರರು. ಅವರ ಹೆಸರಿನಲ್ಲಿ ವಚನಸಾಹಿತ್ಯಕ್ಕೊಂದು ಸುವರ್ಣಪದಕವಿರಲೆಂದು ಭಕ್ತರೊಬ್ಬರು 1 ಲಕ್ಷ ರೂಪಾಯಿ ಒಪ್ಪಿಸಿದರೆಂದು ಭಾವಿಸೋಣ. ಮೂಲಧನವನ್ನು ಮುಟ್ಟುವಂತಿಲ್ಲ, ಶೇಕಡಾ 6ರ ಬಡ್ಡಿಯಿಂದ ವರ್ಷಕ್ಕೆ ದೊರೆಯುವುದು 6,000 ರೂಪಾಯಿ. ಬಂಗಾರದ ಬೆಲೆ ಏರಿ ಬಡ್ಡಿಯ ದರ ಇಳಿದರೆ ಪದಕವು ಹೆಸರಿಗಷ್ಟೇ ಉಳಿದೀತು. ಆದುದರಿಂದ ಬಡ್ಡಿ ಸಾಲದಾದಾಗ ಪದಕದ ಬದಲು ಗ್ರಂಥಗಳನ್ನೋ ವಿದ್ಯಾರ್ಥಿವೇತನವನ್ನೋ ಕೊಡಬಹುದೆಂಬ ಷರತ್ತನ್ನು ದಾನಪತ್ರದಲ್ಲಿಯೇ ಬರೆಯುವುದು ವಿವೇಕ. ಜಾತಿಮತಗಳ ನಿರ್ಬಂಧವನ್ನು ಒಡ್ಡುವ ದತ್ತಿಯನ್ನು ಸ್ವೀಕರಿಸುವಾಗಲೂ ಮಂಡಳಿ ಎಚ್ಚರ ವಹಿಸಬೇಕು. ಕೇಂದ್ರ ಅಧಿನಿಯಮವು ಮತವಿಶ್ವಾಸದ ಪರೀಕ್ಷೆಯನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಕೊಟ್ಟೆನೆಂಬ ಅಹಂಭಾವವಳಿದಾಗಲೇ ದಾಸೋಹವೆಂಬುದು ಶರಣರ ನಿಲುವು. ದಾನಿಗೆ ಅನ್ವಯಿಸುವ ಈ ಮಾತು ಮಂಡಳಿಗೂ ಅನ್ವಯಿಸುತ್ತದೆ. ಸಭೆಯ ಸದಸ್ಯರು ಹಣದ ಒಡೆಯರಲ್ಲ, ಪಾಲಕರು. ರಸೀದಿ ಹಿಡಿದ ಕೃಷಿಕನಿಗೂ ದಾನಪತ್ರ ಬರೆದ ಭಕ್ತನಿಗೂ ಒಂದೇ ಪುಸ್ತಕದಲ್ಲಿ ಲೆಕ್ಕ ದೊರೆತಾಗ ಮಾತ್ರ ಆ ಪಾಲಕತ್ವವು ಸಾರ್ಥಕವಾಗುತ್ತದೆ.