ರ‍್ಯಾಂಕ್ ನಂಬಿ ತೋಟ ಅಡವಿಡುವುದೇ?

ಮಗಳಿಗೆ ಎಂಬಿಎ ಓದುವ ಆಸೆ. ಫೀಸು ಕೇಳಿ ನನಗೆ ತಲೆ ತಿರುಗಿತು. ಅಡಿಕೆ ತೋಟ ಅಡವಿಟ್ಟೇ ಸಾಲ ತೆಗೆಯಬೇಕು. "ಒಳ್ಳೆ ರ‍್ಯಾಂಕಿನ ಕಾಲೇಜು ಅಪ್ಪಾ" ಅಂದಳು. ರ‍್ಯಾಂಕ್ ಕೊಡುವುದು ಹೇಗೆ ಅಂತ ಇಬ್ಬರೂ ಕೂತು ನೋಡಿದೆವು.

ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಮ್ಯಾನೇಜ್‌ಮೆಂಟ್ ಕಾಲೇಜಿಗೆ ನೂರರಲ್ಲಿ 30 ಅಂಕ ಅಧ್ಯಾಪಕರು, ಸೌಕರ್ಯ ಇತ್ಯಾದಿಗೆ. ಸಂಶೋಧನೆಗೂ 30. ಓದಿ ಮುಗಿಸಿದವರ ಫಲಿತಾಂಶ, ಕೆಲಸ, ಸಂಬಳ ಎಲ್ಲ ಸೇರಿ 20 ಮಾತ್ರ. ಸಾಲ ಕಟ್ಟುವವನಿಗೆ ಬೇಕಾದ್ದು ಈ ಇಪ್ಪತ್ತೇ ಅಲ್ಲವೇ?

ಆದರೆ ಪಟ್ಟಿಗಾಗಿ ಕಾಲೇಜುಗಳೇ ಕೊಟ್ಟ ಲೆಕ್ಕ ಜಾಲತಾಣದಲ್ಲಿ ಸಿಗುತ್ತದೆ. ಎಷ್ಟು ಜನಕ್ಕೆ ಕೆಲಸವಾಯಿತು, ಮಧ್ಯದ ಸಂಬಳ ಎಷ್ಟು ಎಂದು ಅದರಲ್ಲುಂಟು. ಮಧ್ಯದ್ದೆಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವಿನವನದ್ದು. ಸರಾಸರಿ ಬೇರೆ. ನಾಲ್ಕು ಜನಕ್ಕೆ ಭಾರೀ ಸಂಬಳ ಸಿಕ್ಕಿದರೆ ಅದು ಏರಿಬಿಡುತ್ತದೆ, ಕೊಳೆರೋಗದ ವರ್ಷ ಮೂಲೆಯ ಹತ್ತು ಮರ ತೋಟದ ಮಾನ ಉಳಿಸಿದ ಹಾಗೆ. ನಮಗೆ ಬಂದ ಬಣ್ಣದ ಪುಸ್ತಕದಲ್ಲಿ ಇದ್ದದ್ದು ಸರಾಸರಿಯೇ!

ಮಧ್ಯದ ಸಂಬಳದಲ್ಲಿ ಬ್ಯಾಂಕಿನ ಕಂತು ಕಳೆದೆವು. ಉಳಿದದ್ದು ಬೆಂಗಳೂರಿನ ಬಾಡಿಗೆ, ಊಟಕ್ಕೂ ಸಾಲದು. ಮಗಳು ಒಂದು ದಿನ ಮುಖ ಊದಿಸಿಕೊಂಡಿದ್ದಳು. ಈಗ ಪಿಜಿಸಿಇಟಿಗೆ ಓದುತ್ತಿದ್ದಾಳೆ, ಸರಕಾರಿ ಸೀಟಿಗೆ.