ನೇತ್ರಾವತಿಯ ನಾಮಧೇಯಗಳು

ತುಳುವರು ಮಂಗಳೂರನ್ನು ಕುಡ್ಲವೆಂದು ಕರೆಯುವುದು ಎರಡು ನದಿಗಳ ಕೂಡಲಿನಿಂದ ಎಂಬ ವಾಡಿಕೆಯ ಮಾತುಂಟು. ಪೂರ್ವದಿಂದ ಬರುವ ನೇತ್ರಾವತಿಯೂ, ಕಡಲಿಗೆ ಸಮಾಂತರವಾಗಿ ಉತ್ತರದಿಂದ ಇಳಿಯುವ ಫಲ್ಗುಣಿಯೂ, ಬೆಂಗ್ರೆ ಮತ್ತು ಉಳ್ಳಾಲದ ಕೋಟೆಪುರಗಳ ಮರಳುದಿಣ್ಣೆಗಳ ಹಿಂದೆ ಸಂಧಿಸಿ ಒಂದೇ ಅಳಿವೆಯಿಂದ ಸಮುದ್ರವನ್ನು ಸೇರುವುದನ್ನು ಕಂಡವರು ಆ ಮಾತನ್ನು ಸುಲಭವಾಗಿ ಅಲ್ಲಗಳೆಯಲಾರರು.

ಈ ನಾಡಿನ ಹೊಳೆಗಳು ಊರೂರಿಗೆ ಹೆಸರು ಬದಲಿಸುವಂಥವು. 1604ರಲ್ಲಿ ಪ್ರತಿಷ್ಠಿತನಾದ ವೇಣೂರಿನ ಗೊಮ್ಮಟೇಶ್ವರನ ಸನ್ನಿಧಿಯಲ್ಲಿ ಫಲ್ಗುಣಿಯೆನಿಸಿದವಳು ಕೆಳಗೆ ಗುರುಪುರದ ಹೊಳೆಯಾಗುತ್ತಾಳೆ. ಹಾಗೆಯೇ ನೇತ್ರಾವತಿಗೆ ಬಂಟ್ವಾಳದ ಹೊಳೆಯೆಂಬ ಹೆಸರು ಒಂದು ಕಾಲಕ್ಕೆ ರೂಢಿಯಲ್ಲಿತ್ತು. ಅದಕ್ಕೆ ಕಾರಣ ವ್ಯಾಪಾರ. ಘಟ್ಟದ ಮೇಲಿನ ಸರಕು ಗಾಡಿಗಳಲ್ಲಿ ಬಂಟ್ವಾಳದ ಪೇಟೆಗೆ ಇಳಿದು, ಅಲ್ಲಿಂದ ದೋಣಿಯೇರಿ ಮಂಗಳೂರಿನ ಬಂದರಕ್ಕೆ ಸಾಗುತ್ತಿದ್ದ ಕಾಲದಲ್ಲಿ, ಕಡಲ ಕಡೆಯಿಂದ ಒಳನಾಡನ್ನು ನೋಡುವವನಿಗೆ ಹೊಳೆಯೆಂದರೆ ಅದು ತನ್ನನ್ನು ಮುಟ್ಟಿಸುವ ಪೇಟೆಯೇ ಆಗಿತ್ತು.

ಮಲೆಯ ಕಡೆಯಿಂದ ಬಂದ ಹೆಸರು ಬೇರೆ ಬಗೆಯದು. ಭೂಮಿಯನ್ನು ಉದ್ಧರಿಸಿ ದಣಿದ ವರಾಹಸ್ವಾಮಿಯು ವಿಶ್ರಮಿಸಿದಾಗ ಆತನ ಕೋರೆದಾಡೆಗಳಿಂದ ತುಂಗೆ, ಭದ್ರೆಯರೂ, ನೇತ್ರಗಳಿಂದ ನೇತ್ರಾವತಿಯೂ ಉದಿಸಿದರೆಂದು ಸ್ಥಳಪುರಾಣ ಹೇಳುತ್ತದೆ. ಕುದುರೆಮುಖ ಶ್ರೇಣಿಯ ಭೂಸ್ವರೂಪವನ್ನು ಬಲ್ಲವರಿಗೆ ಈ ಕಥೆಯ ಔಚಿತ್ಯ ಹೊಳೆಯದಿರದು. ಒಂದೇ ಬೆಟ್ಟಸಾಲಿನ ನೀರು ಏಣಿನ ಎರಡು ಪಕ್ಕಗಳಿಗೆ ಹಂಚಿಹೋಗಿ, ತುಂಗಾಭದ್ರೆಯರು ಕೂಡಲಿಯಲ್ಲಿ ಒಂದಾಗಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯವರೆಗೆ ದೀರ್ಘಯಾತ್ರೆ ಕೈಕೊಂಡರೆ, ನೇತ್ರಾವತಿ ಘಟ್ಟದ ಕಡಿದಾದ ಮೋರೆಯಿಂದ ಧುಮುಕಿ ಸುಮಾರು 100 ಕಿಲೋಮೀಟರಿನೊಳಗೆ ಕಡಲನ್ನು ಮುಟ್ಟಿಬಿಡುತ್ತಾಳೆ. ಆಷಾಢದ ಮಳೆ ಮಲೆಯ ಮೇಲೆ ಹಿಡಿದರೆ ಕೆಳಗೆ ನೀರೇರಲು ತಡವಿಲ್ಲ. 1923ರ ಮತ್ತು 1974ರ ನೆರೆಗಳನ್ನು ಬಂಟ್ವಾಳ ಇಂದಿಗೂ ಮರೆತಿಲ್ಲ.

ಈ ನದಿಯ ಸ್ವಭಾವವನ್ನು ಕಣ್ಣಾರೆ ಅರಿಯಬೇಕಾದವರು ಉಪ್ಪಿನಂಗಡಿಗೆ ಹೋಗಬೇಕು. ಸುಬ್ರಹ್ಮಣ್ಯದ ಕುಮಾರಪರ್ವತದಿಂದ ಬರುವ ಕುಮಾರಧಾರೆ, ಗಾತ್ರದಲ್ಲಿ ತಾನೇನೂ ಕಿರಿಯಳಲ್ಲದಿದ್ದರೂ, ಇಲ್ಲಿ ತನ್ನ ಹೆಸರನ್ನು ನೇತ್ರಾವತಿಗೆ ಒಪ್ಪಿಸುತ್ತಾಳೆ. ಬೇಸಗೆಯಲ್ಲಿ ನದೀಪಾತ್ರದ ಮರಳನ್ನು ಬಗೆದು, ಅದರಡಿಯ ಶಿವಲಿಂಗಕ್ಕೆ ಪೂಜೆ ಸಲ್ಲಿಸುತ್ತಾರೆ. ಮಖೆಜಾತ್ರೆಗೆ ಜನ ಆ ಮರಳಿನ ಮೇಲೆಯೇ ನೆರೆಯುತ್ತಾರೆ. ಮಳೆಗಾಲದಲ್ಲಿ ಅದೇ ಜಾಗ ಆಳವಾದ ಕೆನ್ನೀರಿನಡಿಯಲ್ಲಿ ಮುಳುಗಿರುತ್ತದೆ. ಎರಡು ಹೊಳೆಗಳೂ ದಡ ಮೀರಿ ಉಕ್ಕಿ, ಸಹಸ್ರಲಿಂಗೇಶ್ವರ ದೇವಾಲಯದ ಎದುರಿನಲ್ಲೇ ಎರಡರ ನೀರೂ ಬೆರೆತ ವರ್ಷ ಸಂಗಮವಾಯಿತೆಂದು ಸಾರಿ ಗಂಗಾಪೂಜೆ ನೆರವೇರಿಸುತ್ತಾರೆ. ನೆರೆಯ ಭೀತಿಯ ನಡುವೆಯೂ ಜನ ಕೊಡೆ ಹಿಡಿದು ಅದನ್ನು ನೋಡಲು ಓಡಿಬರುವರು.

ಹೆಸರಿನ ವಿಚಾರ ಪುರಾಣದಲ್ಲಿಯೂ ಪೇಟೆಯಲ್ಲಿಯೂ ಮುಗಿದುಹೋದುದಲ್ಲ. ಸಕಲೇಶಪುರದ ಕಡೆಯ ಎತ್ತಿನಹೊಳೆಯು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಯನ್ನೂ, ಅಂತ್ಯದಲ್ಲಿ ನೇತ್ರಾವತಿಯನ್ನೂ ಸೇರತಕ್ಕುದು. ಅಲ್ಲಿಯ ನೀರನ್ನೆತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ಬಯಲಿಗೆ ಒಯ್ಯುವ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆತ ಯೋಜನೆ ಸರಕಾರದ ಕಡತಗಳಲ್ಲಿ ಎತ್ತಿನಹೊಳೆಯದು. ಕರಾವಳಿಯ ಪ್ರತಿಭಟನಾಸಭೆಗಳಲ್ಲಿ ಅದು ನೇತ್ರಾವತಿ ತಿರುವು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೂ ಕರಾವಳಿಗರ ಹೆಸರೇ ಭೂಗೋಳಕ್ಕೆ ಹೆಚ್ಚು ಸಮೀಪವೆಂದು ನನ್ನ ಭಾವನೆ. ಏಕೆಂದರೆ ಮಂಗಳೂರಿಗೆ ಕುಡಿಯುವ ನೀರನ್ನು ಒದಗಿಸುವ ತುಂಬೆಯ ಕಿಂಡಿ ಅಣೆಕಟ್ಟು ಉಪ್ಪಿನಂಗಡಿಯಿಂದ ಕೆಳಗಿದೆ, ಮತ್ತು ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿಯ ನೀರಿನ ಮಟ್ಟವನ್ನು ಆತಂಕದಿಂದ ವಿಚಾರಿಸುವ ನಗರದವರ ಕೊಡಗಳನ್ನು ತುಂಬುವ ನೀರಿನಲ್ಲಿ ಮೇಲಿನ ಆ ಹೊಳೆಗಳೆಲ್ಲದರ ಪಾಲೂ ಇದೆ.